ಹಳ್ಳಿಯ ಸಣ್ಣ ಉದ್ಯಮಕ್ಕೆ ಹೆಗಲು ಕೊಡುವುದು ಹೇಗೆ: ಸಭೆ ಆಮೇಲೆ, ಮೊದಲು ಹೋಗಿ ಕೂತು ಕೇಳಿ

ಹಳ್ಳಿಗಾಡಿನಲ್ಲಿ ಸಣ್ಣ ಉದ್ಯಮ ಬೆಳೆಸಬೇಕು ಅಂತ ಹೊರಡುವವರು ಸಾಮಾನ್ಯವಾಗಿ ಮೊದಲು ಒಂದು ಸಭೆ ಕರೆಯುತ್ತಾರೆ. ಮೈಕು, ಬ್ಯಾನರು, ಎರಡು ಭಾಷಣ, ಕೊನೆಗೆ ಎಲ್ಲರೂ ಸ್ವಂತ ಉದ್ಯೋಗ ಮಾಡಬೇಕು ಅನ್ನುವ ಉಪದೇಶ. ಆ ಸಭೆಗೆ ಬರುವವರು ಯಾರು ಹೇಳಿ? ಎಲ್ಲಾ ಸಭೆಗೂ ಬರುವವರೇ. ನಿಜವಾಗಿ ಏನಾದರೂ ಮಾಡುತ್ತಿರುವವರು ಆ ಹೊತ್ತಿಗೆ ತಮ್ಮ ಕೆಲಸದಲ್ಲಿ ಮುಳುಗಿರುತ್ತಾರೆ, ಅವರಿಗೆ ನಿಮ್ಮ ಭಾಷಣ ಕೇಳುವಷ್ಟು ಪುರುಸೊತ್ತು ಇಲ್ಲ.

ನಾನೂ ಇದನ್ನು ಮಾಡಿದವನೇ. ಒಂದು ಸಲ ಹೊಲಿಗೆ ತರಬೇತಿ ಇಟ್ಟಿದ್ದೆವು. ಇಪ್ಪತ್ತು ಜನ ಕಲಿತರು, ಇಪ್ಪತ್ತು ಜನರಿಗೂ ಪ್ರಮಾಣಪತ್ರ ಸಿಕ್ಕಿತು, ಫೋಟೋ ತೆಗೆದದ್ದೂ ಆಯಿತು. ಅಲ್ಲಿ ಬಟ್ಟೆ ಹೊಲಿಸುವವರು ಎಷ್ಟು ಜನ ಇದ್ದಾರೆ ಅಂತ ಮಾತ್ರ ನಾವ್ಯಾರೂ ಎಣಿಸಿರಲಿಲ್ಲ. ಮೊದಲೇ ಇದ್ದ ಇಬ್ಬರು ದರ್ಜಿಗಳ ಗಿರಾಕಿಗಳನ್ನೇ ಇಪ್ಪತ್ತೆರಡು ಜನ ಹಂಚಿಕೊಳ್ಳಬೇಕಾಯಿತು. ಆ ಇಬ್ಬರೂ ಆಮೇಲೆ ನಮ್ಮನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ತಪ್ಪೇನು ಅವರದ್ದು?

ಹಾಗಾಗಿ ಈ ಬರಹ ಸಹಾಯ ಮಾಡಲು ಹೊರಟವರಿಗೆ. ನೀವು ಸಂಸ್ಥೆಯವರಿರಬಹುದು, ಸ್ಥಳೀಯ ಆಡಳಿತದಲ್ಲಿರಬಹುದು, ನಿವೃತ್ತರಾಗಿ ವಾಪಸ್ ಬಂದವರಿರಬಹುದು, ಸುಮ್ನೆ ಆಸಕ್ತಿ ಇರುವ ಮೂರು ಜನ ಗೆಳೆಯರಿರಬಹುದು. ದಾರಿ ಹೆಚ್ಚುಕಮ್ಮಿ ಒಂದೇ.

ನೀರಾನೆ ತಿಂದ ಟೊಮೆಟೊ

ಎರ್ನೆಸ್ಟೊ ಸಿರೊಲ್ಲಿ ಅಂತ ಒಬ್ಬರಿದ್ದಾರೆ. 1970ರ ದಶಕದಲ್ಲಿ ಇಟಲಿಯ ಒಂದು ಸಂಸ್ಥೆಯ ಜೊತೆ ಆಫ್ರಿಕಾದ ಜಾಂಬಿಯಾಕ್ಕೆ ಹೋಗಿದ್ದರು. ಜಾಂಬೆಜಿ ನದಿಯ ಹತ್ತಿರ ಎಂಥ ಮಣ್ಣು, ಇಲ್ಲಿನವರು ಯಾಕೆ ಏನೂ ಬೆಳೆಯುತ್ತಿಲ್ಲ ಅಂತ ಆಶ್ಚರ್ಯಪಟ್ಟು ಟೊಮೆಟೊ ಹಾಕಿದರು. ಬೆಳೆ ಸೊಗಸಾಗಿ ಬಂತು. ಹಣ್ಣು ಕೆಂಪಾಗುವ ಹೊತ್ತಿಗೆ ಒಂದು ರಾತ್ರಿ ನದಿಯಿಂದ ನೀರಾನೆಗಳು ಎದ್ದು ಬಂದು ಎಲ್ಲವನ್ನೂ ಮೇದು ಹೋದವು. ಅದಕ್ಕೇ ನಾವು ಇಲ್ಲಿ ಬೆಳೆಯುವುದಿಲ್ಲ ಅಂದರು ಅಲ್ಲಿನ ಜನ. ಮೊದಲೇ ಯಾಕೆ ಹೇಳಲಿಲ್ಲ ಅಂದರೆ, ನೀವು ಕೇಳಲೇ ಇಲ್ಲವಲ್ಲ ಅಂದರಂತೆ.

ಇದೇ ಸಿರೊಲ್ಲಿ ಮುಂದೆ 1985ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಎಸ್ಪೆರೆನ್ಸ್ ಅನ್ನುವ ದೂರದ ಸಣ್ಣ ಊರಿಗೆ ಹೋದಾಗ ಪೂರ್ತಿ ಉಲ್ಟಾ ಮಾಡಿದರು. ತನ್ನದೊಂದು ಯೋಜನೆ ಅಂತ ಹೊತ್ತುಕೊಂಡು ಹೋಗಲಿಲ್ಲ. ಆಫೀಸು ತೆರೆಯಲಿಲ್ಲ. ಯಾರಿಗೆ ಏನು ಮಾಡುವ ಆಸೆ ಇದೆಯೋ ಅವರ ಜೊತೆ ಕೂತು ಮಾತಾಡಿದರು, ಅವರಿಗೆ ಬೇಕಾದ ಜನರನ್ನು ಹುಡುಕಿಕೊಟ್ಟರು. ಕೇಳಿದವರಿಗೆ ಮಾತ್ರ ಸಹಾಯ, ಕೇಳದವರ ತಂಟೆಗೆ ಹೋಗುವುದಿಲ್ಲ. ಇಷ್ಟೇ ಅವರ ವಿಧಾನ. ಕೇಳಲು ಇಷ್ಟು ಸುಲಭವಾದದ್ದು ಮಾಡಲು ಎಷ್ಟು ಕಷ್ಟ ಅಂತ, ಎದುರಿಗಿರುವವರು ಮಾತಾಡುವಾಗ ನಿಮ್ಮ ಐಡಿಯಾ ಹೇಳದೆ ಅರ್ಧ ಗಂಟೆ ಸುಮ್ಮನಿದ್ದು ನೋಡಿ, ಗೊತ್ತಾಗುತ್ತದೆ.

ಮೊದಲ ತಿಂಗಳು: ಓಡಾಡಿ, ಬರೆದಿಡಿ

ಒಂದು ನೋಟ್ ಬುಕ್ ತೆಗೆದುಕೊಳ್ಳಿ. ನೀವು ಕೆಲಸ ಮಾಡಬೇಕೆಂದಿರುವ ಸುತ್ತಳತೆಯಲ್ಲಿ ಪ್ರತಿ ಬೀದಿಗೂ ಕಾಲ್ನಡಿಗೆಯಲ್ಲಿ ಹೋಗಿ. ಬೋರ್ಡ್ ಹಾಕಿಕೊಂಡ ಅಂಗಡಿಗಳು ತಾವಾಗಿಯೇ ಕಾಣುತ್ತವೆ, ಆದರೆ ಅಸಲಿ ಸಂಗತಿ ಇರುವುದು ಬೋರ್ಡ್ ಇಲ್ಲದ ಕಡೆ. ಹಿತ್ತಲಲ್ಲಿ ವೆಲ್ಡಿಂಗ್ ಮಾಡುವವರು, ಪಂಪ್ ಸೆಟ್ ರಿಪೇರಿಗೆ ಹತ್ತು ಊರಿಂದ ಕರೆ ಬರುವವರು, ಮನೆಯಲ್ಲೇ ಬುಟ್ಟಿ ಹೆಣೆದು ಒಬ್ಬ ವ್ಯಾಪಾರಿಗೆ ಕೊಡುವ ಹೆಂಗಸರು, ಸಂಜೆ ಹೊತ್ತು ಫಾರಂ ತುಂಬಿಕೊಡುವ ಹುಡುಗ. ಇವರಲ್ಲಿ ಅರ್ಧ ಜನ ತಮ್ಮನ್ನು ಉದ್ಯಮಿ ಅಂತ ಕರೆದುಕೊಳ್ಳುವುದೇ ಇಲ್ಲ. ಏನು ಕೆಲಸ ಮಾಡ್ತೀರಿ ಅಂತ ಕೇಳಿದರೆ ಏನಿಲ್ಲ, ಮನೇಲೇ ಇದ್ದೀನಿ ಅನ್ನುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಮಾತು ಇಲ್ಲಿ ಅಕ್ಷರಶಃ ನಿಜ.

ಏನು ಕೇಳಬೇಕು ಅನ್ನುವುದು ಮುಖ್ಯ. ಎಷ್ಟು ಸಾಲ ಬೇಕು ಅಂತ ಮಾತ್ರ ದಯವಿಟ್ಟು ಕೇಳಬೇಡಿ. ಆ ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ಎಲ್ಲರ ಸಮಸ್ಯೆಯೂ ಸಾಲದ ಸಮಸ್ಯೆಯೇ ಆಗಿಬಿಡುತ್ತದೆ. ಆದಾಯವನ್ನೂ ಮೊದಲ ದಿನ ಕೇಳಬೇಡಿ, ಯಾರೂ ನಿಜ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಪ್ರಶ್ನೆ ಒಂದಿದೆ: ಹೋದ ತಿಂಗಳು ಯಾವ ಗಿರಾಕಿಯನ್ನು ಆಗಲ್ಲ ಅಂತ ವಾಪಸ್ ಕಳಿಸಿದಿರಿ, ಯಾಕೆ? ಇದಕ್ಕೆ ಸಿಗುವ ಉತ್ತರ ಚಿನ್ನ. ಸಾಮಾನು ಮುಗಿದಿತ್ತು, ಕರೆಂಟ್ ಇರಲಿಲ್ಲ, ಅಷ್ಟು ದೊಡ್ಡ ಆರ್ಡರ್ ಒಬ್ಬರಿಂದ ಆಗುತ್ತಿರಲಿಲ್ಲ, ಅವರು ಬಿಲ್ ಕೇಳಿದರು ನನ್ನ ಹತ್ತಿರ ಬಿಲ್ ಪುಸ್ತಕ ಇಲ್ಲ. ಇವೆಲ್ಲ ಬಗೆಹರಿಸಬಹುದಾದ ತೊಂದರೆಗಳು, ಅದೂ ಕೆಲವು ಒಂದೇ ವಾರದಲ್ಲಿ. ಇನ್ನೆರಡು ಪ್ರಶ್ನೆ: ಯಾವ ದಿನ ಕೆಲಸ ನಿಂತಿತ್ತು? ಯಾರಿಂದ ದುಡ್ಡು ಬರಬೇಕು?

ಒಬ್ಬರು ಹೇಳಿದ್ದು ಇನ್ನೊಬ್ಬರ ಕಿವಿಗೆ ಬೀಳಬಾರದು. ಸಣ್ಣ ಊರಲ್ಲಿ ಒಂದು ಸಲ ನೀವು ಬಾಯಿ ಬಿಟ್ಟರೆ ಮುಗಿಯಿತು, ಆಮೇಲೆ ಯಾರೂ ನಿಮ್ಮ ಹತ್ತಿರ ಲೆಕ್ಕದ ಮಾತು ಎತ್ತುವುದಿಲ್ಲ.

ಇದರ ಜೊತೆಗೇ ಇನ್ನೊಂದು ಪಟ್ಟಿ ಮಾಡಿ: ಈ ಊರಿಗೆ ಹೊರಗಿನಿಂದ ಏನೇನು ಬರುತ್ತದೆ, ಯಾವ ಕೆಲಸಕ್ಕೆ ಜನ ಪಟ್ಟಣಕ್ಕೆ ಹೋಗುತ್ತಾರೆ. ಬ್ರಿಟನ್ನಿನ ನ್ಯೂ ಎಕನಾಮಿಕ್ಸ್ ಫೌಂಡೇಶನ್ ಅನ್ನುವ ಸಂಸ್ಥೆ ಇದನ್ನು ತೂತಿರುವ ಬಕೆಟ್ಟಿಗೆ ಹೋಲಿಸಿತು. ಮೇಲಿಂದ ಎಷ್ಟು ನೀರು ಸುರಿದರೂ ತಳದಲ್ಲಿ ತೂತಿದ್ದರೆ ಏನು ಪ್ರಯೋಜನ? ಲೆಕ್ಕ ಹಾಕಿ ನೋಡಿ. ಊರಿಗೆ ಹೊರಗಿನಿಂದ 100 ಬಂತು ಅಂದುಕೊಳ್ಳಿ. ಅದು ಕೈಗೆ ಸಿಕ್ಕ ಪ್ರತಿಯೊಬ್ಬರೂ ನೂರರಲ್ಲಿ 80ರಷ್ಟನ್ನು ಊರೊಳಗೇ ಖರ್ಚು ಮಾಡಿದರೆ, ಆ ದುಡ್ಡು ಕೈಯಿಂದ ಕೈಗೆ ಸುತ್ತಿ ಸುತ್ತಿ ಒಟ್ಟು 500ರ ವ್ಯವಹಾರ ಆಗುತ್ತದೆ. ಅದೇ 20ರಷ್ಟು ಮಾತ್ರ ಒಳಗೆ ಉಳಿದರೆ ಒಟ್ಟು 125ಕ್ಕೇ ನಿಂತುಬಿಡುತ್ತದೆ. ಬಂದದ್ದು ಅಷ್ಟೇ ದುಡ್ಡು, ಆದರೆ ಊರಿಗೆ ಆದ ಉಪಯೋಗದಲ್ಲಿ ನಾಲ್ಕು ಪಟ್ಟು ವ್ಯತ್ಯಾಸ. ಹೀಗಂತ ಎಲ್ಲವನ್ನೂ ಊರಲ್ಲೇ ತಯಾರಿಸಬೇಕು ಅಂತಲ್ಲ, ಅದು ಹುಚ್ಚು. ದೊಡ್ಡ ತೂತು ಎರಡು ಮೂರು ಇರುತ್ತವೆ, ಅವು ಯಾವುವು ಅಂತ ಗೊತ್ತಾದರೆ ಸಾಕು.

ಒಬ್ಬರಿಗೇ ಎಲ್ಲಾ ಬರಬೇಕಾಗಿಲ್ಲ

ಯಾವುದೇ ವ್ಯಾಪಾರಕ್ಕೆ ಮೂರು ಕೆಲಸ ಇದ್ದೇ ಇರುತ್ತವೆ. ಮಾಡುವುದು, ಮಾರುವುದು, ಲೆಕ್ಕ ಇಡುವುದು. ಮೂರನ್ನೂ ಪ್ರೀತಿಯಿಂದ ಮಾಡುವ ಒಬ್ಬ ಮನುಷ್ಯನನ್ನು ನಾನಂತೂ ಇನ್ನೂ ನೋಡಿಲ್ಲ. ಚೆನ್ನಾಗಿ ಕೈಕೆಲಸ ಬರುವವರಿಗೆ ನಾಲ್ಕು ಜನರ ಮುಂದೆ ನಿಂತು ಬೆಲೆ ಹೇಳಲು ಸಂಕೋಚ. ಮಾತಿನಲ್ಲಿ ಚುರುಕಾದವರಿಗೆ ಲೆಕ್ಕ ಅಂದರೆ ತಲೆನೋವು. ನಾವು ಏನು ಮಾಡುತ್ತೇವೆ, ಸಂಕೋಚದ ಬಡಗಿಯನ್ನು ಕರೆದುಕೊಂಡು ಹೋಗಿ ಮೂರು ದಿನದ ಮಾರ್ಕೆಟಿಂಗ್ ತರಬೇತಿಗೆ ಕೂರಿಸುತ್ತೇವೆ. ಪಾಪ, ಮೂರು ದಿನದ ಕೂಲಿ ಹೋಯಿತು ಅಷ್ಟೇ.

ಅದರ ಬದಲು ಜೊತೆಗಾರರನ್ನು ಹುಡುಕಿಕೊಡಿ. ಲೆಕ್ಕ ಬರುವ ತಂಗಿ ಮನೆಯಲ್ಲೇ ಇರಬಹುದು, ಮಾರುವ ಚಾಲಾಕಿ ಪಕ್ಕದ ಬೀದಿಯಲ್ಲಿರಬಹುದು. ಸೇರುವ ಮೊದಲು ಯಾರಿಗೆ ಎಷ್ಟು ಪಾಲು, ಯಾರು ಬಿಟ್ಟು ಹೋದರೆ ಏನು ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿ. ಅಣ್ಣತಮ್ಮಂದಿರಾದರೂ ಸರಿ. ಅಣ್ಣತಮ್ಮಂದಿರಾದರೆ ಇನ್ನೂ ಮುಖ್ಯ.

ತರಬೇತಿಯ ವಿಷಯಕ್ಕೆ ಬಂದಮೇಲೆ ಎರಡು ಅಧ್ಯಯನ ಹೇಳಲೇಬೇಕು, ಯಾಕೆಂದರೆ ಇವನ್ನು ಓದಿದ ಮೇಲೆ ನಾನು ತರಬೇತಿ ಮಾಡುವ ರೀತಿಯೇ ಬದಲಾಯಿತು. ಆಫ್ರಿಕಾದ ಟೋಗೋ ದೇಶದಲ್ಲಿ 1,500 ಸಣ್ಣ ವ್ಯಾಪಾರಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ಲೆಕ್ಕಪತ್ರ, ಮಾರ್ಕೆಟಿಂಗ್ ಪಾಠ. ಇನ್ನೊಂದು ಗುಂಪಿಗೆ ತಾವಾಗಿ ಮುಂದೆ ಬಿದ್ದು ಕೆಲಸ ಮಾಡುವುದು, ಅಂದರೆ ಅವಕಾಶ ಹುಡುಕುವುದು, ಗುರಿ ಇಟ್ಟುಕೊಳ್ಳುವುದು, ಅಡ್ಡಿ ಬಂದರೆ ಬೇರೆ ದಾರಿ ನೋಡುವುದು, ಇದರ ಅಭ್ಯಾಸ. ಮೂರನೆಯ ಗುಂಪಿಗೆ ಏನೂ ಇಲ್ಲ. 2017ರಲ್ಲಿ ಫಲಿತಾಂಶ ಪ್ರಕಟವಾಯಿತು: ಮುಂದಾಗುವ ಅಭ್ಯಾಸ ಪಡೆದವರ ಲಾಭ ಶೇ. 30ರಷ್ಟು ಏರಿತ್ತು, ಮಾಮೂಲಿ ಪಾಠದವರದ್ದು ಶೇ. 11, ಅದೂ ತರಬೇತಿಯಿಂದಲೇ ಏರಿತು ಅಂತ ಖಚಿತವಾಗಿ ಹೇಳುವಷ್ಟು ಇರಲಿಲ್ಲ.

ಇನ್ನೊಂದು ಡೊಮಿನಿಕನ್ ಗಣರಾಜ್ಯದ್ದು, 2014ರಲ್ಲಿ ಪ್ರಕಟವಾದದ್ದು. ಅಲ್ಲಿ ಕೆಲವರಿಗೆ ಪೂರ್ತಿ ಅಕೌಂಟಿಂಗ್ ಕಲಿಸಿದರು, ಕೆಲವರಿಗೆ ಮಾತ್ರ ನೆನಪಿಡಲು ಸುಲಭವಾದ ಎರಡು ಮೂರು ಸೂತ್ರ ಹೇಳಿಕೊಟ್ಟರು. ಮನೆ ದುಡ್ಡು, ವ್ಯಾಪಾರದ ದುಡ್ಡು ಬೇರೆ ಬೇರೆ ಇಡಿ, ಈ ತರಹದ್ದು. ಸುಲಭ ಸೂತ್ರ ಕಲಿತವರೇ ಚೆನ್ನಾಗಿ ಲೆಕ್ಕ ಇಟ್ಟರು. ಪೂರ್ತಿ ಅಕೌಂಟಿಂಗ್ ಕಲಿತವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ.

ಎರಡು ಡಬ್ಬ, ಒಂದು ನೋಟ್ ಬುಕ್

ಹಾಗಾಗಿ ಲೆಕ್ಕ ಕಲಿಸುವುದಾದರೆ ಇಷ್ಟೇ ಕಲಿಸಿ. ಎರಡು ಡಬ್ಬ ಇಡಿ. ಒಂದು ವ್ಯಾಪಾರದ್ದು, ಒಂದು ಮನೆಯದ್ದು. ಬಂದ ದುಡ್ಡೆಲ್ಲ ಮೊದಲು ವ್ಯಾಪಾರದ ಡಬ್ಬಕ್ಕೆ. ವಾರಕ್ಕೊಂದು ದಿನ ಅದರಿಂದ ನಿಮ್ಮ ಸಂಬಳ ಅಂತ ಇಷ್ಟು ಅಂತ ತೆಗೆದು ಮನೆಯ ಡಬ್ಬಕ್ಕೆ ಹಾಕಿ. ವಾರದ ಮಧ್ಯೆ ಮನೆಗೆ ತುರ್ತು ಬಂದು ವ್ಯಾಪಾರದ ಡಬ್ಬಕ್ಕೆ ಕೈ ಹಾಕಿದರೆ ಚೀಟಿ ಬರೆದು ಒಳಗೆ ಹಾಕಿ, ನಿಮ್ಮ ದುಡ್ಡೇ ಆದರೂ ಸರಿ. ತಿಂಗಳ ಕೊನೆಗೆ ಆ ಚೀಟಿಗಳನ್ನು ಕೂಡಿಸಿದಾಗ ವ್ಯಾಪಾರದಲ್ಲಿ ಲಾಭವೇ ಇಲ್ಲ ಅನ್ನುತ್ತಿದ್ದವರಿಗೆ ಲಾಭ ಎಲ್ಲಿಗೆ ಹೋಗುತ್ತಿತ್ತು ಅಂತ ಕಣ್ಣಿಗೆ ಕಾಣುತ್ತದೆ.

ಬೆಲೆ ಕಟ್ಟುವುದನ್ನು ಜೊತೆಯಲ್ಲಿ ಕೂತು ಒಂದು ಸಲ ಮಾಡಿಸಿ. ಕಚ್ಚಾ ಸಾಮಾನು ಎಲ್ಲರೂ ಲೆಕ್ಕ ಹಿಡಿಯುತ್ತಾರೆ. ತಮ್ಮ ಸ್ವಂತ ಕೂಲಿಯನ್ನು ಯಾರೂ ಹಿಡಿಯುವುದಿಲ್ಲ. ಮನೆಯವರು ಕೊಟ್ಟ ಎರಡು ಗಂಟೆ, ತರಲು ಹೋದ ಬಸ್ ಚಾರ್ಜು, ಒಡೆದು ಹಾಳಾದ ನಾಲ್ಕು ತುಂಡು, ಮಷೀನು ಐದು ವರ್ಷದಲ್ಲಿ ಹಳೆಯದಾಗುವುದು, ಇವು ಯಾವುವೂ ಬೆಲೆಯೊಳಗೆ ಸೇರಿರುವುದಿಲ್ಲ. ಪಕ್ಕದವರು ಎಷ್ಟಕ್ಕೆ ಕೊಡುತ್ತಾರೋ ಅದಕ್ಕಿಂತ ಸ್ವಲ್ಪ ಕಡಿಮೆ, ಅದೇ ಬೆಲೆ. ಪಕ್ಕದವರೂ ಹಾಗೇ ಕಟ್ಟಿದ್ದು! ಇಬ್ಬರೂ ಸೇರಿ ನಷ್ಟದ ಕಡೆಗೆ ಓಟ ಹೊಡೆಯುತ್ತಿರುತ್ತಾರೆ.

ಉದ್ದರಿ ಇನ್ನೊಂದು ದೊಡ್ಡ ಕಥೆ. ಊರಲ್ಲಿ ಎಲ್ಲರೂ ಪರಿಚಯದವರೇ, ಇಲ್ಲ ಅನ್ನಲು ನಾಲಿಗೆ ಏಳುವುದಿಲ್ಲ. 1844ರಲ್ಲಿ ಇಂಗ್ಲೆಂಡಿನ ರೋಚ್‌ಡೇಲ್‌ನಲ್ಲಿ 28 ಜನ, ಅದರಲ್ಲಿ ಹೆಚ್ಚಿನವರು ನೇಕಾರರು ಮತ್ತು ಬೇರೆ ಕೈಕಸುಬಿನವರು, ಸೇರಿ ಸಹಕಾರಿ ಅಂಗಡಿ ತೆರೆದಾಗ ಮೊದಲೇ ತೀರ್ಮಾನಿಸಿದ್ದು ಇದನ್ನೇ: ನಗದು ಮಾತ್ರ, ಯಾರಿಗೂ ಉದ್ದರಿ ಇಲ್ಲ. ಬಡವರ ಅಂಗಡಿ, ಬಡವರಿಗೇ ಉದ್ದರಿ ಇಲ್ಲ ಅಂದರೆ ಕಟುಕತನ ಅನ್ನಿಸಬಹುದು, ಆದರೆ ಅಂಗಡಿ ಉಳಿಯಿತು, ಲಾಭವನ್ನು ಅವರವರು ಕೊಂಡ ಲೆಕ್ಕದಲ್ಲಿ ಅವರಿಗೇ ವಾಪಸ್ ಹಂಚಿದರು. ಎಲ್ಲರಿಗೂ ಇಷ್ಟು ಬಿಗಿ ಆಗಲಿಕ್ಕಿಲ್ಲ. ಕನಿಷ್ಠ ಒಬ್ಬರಿಗೆ ಇಷ್ಟೇ ಅಂತ ಮಿತಿ ಹಾಕಿ, ಹಳೆಯದು ತೀರದೆ ಹೊಸದು ಇಲ್ಲ ಅಂತ ಬರೆದು ಗೋಡೆಗೆ ಅಂಟಿಸಿ. ಗೋಡೆ ಹೇಳಿದರೆ ಯಾರಿಗೂ ಬೇಜಾರಾಗುವುದಿಲ್ಲ, ಅಂಗಡಿಯವರು ಹೇಳಿದರೆ ಆಗುತ್ತದೆ.

ಮಾರುಕಟ್ಟೆ ದೂರ, ಸುದ್ದಿ ಇನ್ನೂ ದೂರ

ಹಳ್ಳಿಯ ಸಾಮಾನಿಗೆ ಗುಣ ಕಡಿಮೆ ಅನ್ನುವುದು ಸುಳ್ಳು. ಬೇಕಾದವರು ಒಂದು ಕಡೆ, ಇರುವವರು ಒಂದು ಕಡೆ, ನಡುವೆ ಸುದ್ದಿ ಹೋಗುವುದಿಲ್ಲ. ಕೇರಳದ ಮೀನುಗಾರರ ಮೇಲೆ ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಮಾಡಿದ ಅಧ್ಯಯನ ಇದಕ್ಕೆ ಒಳ್ಳೆಯ ಉದಾಹರಣೆ. 1997ರ ಜನವರಿ 14ರಂದು ವಡಗರದಲ್ಲಿ 11 ಮೀನುಗಾರರು ಕೊಳ್ಳುವವರಿಲ್ಲದೆ ಹಿಡಿದ ಮೀನನ್ನು ಚೆಲ್ಲಲು ಹೊರಟಿದ್ದರು. ಅದೇ ಹೊತ್ತಿಗೆ 15 ಕಿಲೋಮೀಟರ್ ಒಳಗಿನ ಬೇರೆ ಕಡೆ 27 ಕೊಳ್ಳುವವರು ಮೀನು ಸಿಗದೆ ಬರಿಗೈಯಲ್ಲಿ ಹೊರಟಿದ್ದರು. ಆಮೇಲೆ ಆ ಕರಾವಳಿಗೆ ಮೊಬೈಲ್ ಬಂತು. ದೋಣಿಯಲ್ಲಿದ್ದಾಗಲೇ ಫೋನ್ ಮಾಡಿ ಎಲ್ಲಿ ಬೆಲೆ ಇದೆಯೋ ಅಲ್ಲಿಗೆ ಹೋಗತೊಡಗಿದರು. ಮೀನುಗಾರರ ಲಾಭ ಸರಾಸರಿ ಶೇ. 8 ಏರಿತು, ಕೊಳ್ಳುವವರಿಗೆ ಬೆಲೆ ಶೇ. 4 ಇಳಿಯಿತು, ಚೆಲ್ಲುವುದು ನಿಂತೇಹೋಯಿತು. ಸಹಾಯಧನ ಇಲ್ಲ, ತರಬೇತಿ ಇಲ್ಲ, ಬರೀ ಸುದ್ದಿ.

ಈಗ ಎಲ್ಲರ ಕೈಯಲ್ಲೂ ಫೋನ್ ಇದೆ, ಆದರೂ ಈ ಸುದ್ದಿ ಹರಿಯುವ ಕಾಲುವೆ ಯಾರಾದರೂ ತೋಡಬೇಕು. ನೀವು ತೋಡಿ. ಯಾರ ಹತ್ತಿರ ಈ ವಾರ ಏನಿದೆ, ಯಾರಿಗೆ ಏನು ಬೇಕು, ಯಾರ ಗಾಡಿ ಯಾವ ದಿನ ಪಟ್ಟಣಕ್ಕೆ ಖಾಲಿ ಹೋಗುತ್ತದೆ, ಇಷ್ಟನ್ನು ಒಂದು ವಾಟ್ಸಾಪ್ ಗುಂಪಿನಲ್ಲಿ ವಾರಕ್ಕೆರಡು ಸಲ ಹಾಕುವುದು ಯಾವ ದೊಡ್ಡ ಯೋಜನೆಗಿಂತ ಕಡಿಮೆಯದ್ದಲ್ಲ. ಶುಭೋದಯದ ಹೂವಿನ ಚಿತ್ರ ಹಾಕುವವರನ್ನು ಮಾತ್ರ ಮೊದಲ ದಿನವೇ ತಡೆಯಿರಿ. ಸಾಗಾಟದ ವಿಷಯ ವಿಶೇಷವಾಗಿ ನೋಡಿ. ಒಬ್ಬರ ಎರಡು ಮೂಟೆಗೆ ಗಾಡಿ ಬಾಡಿಗೆ ಕೊಟ್ಟರೆ ಲಾಭವೆಲ್ಲ ಡೀಸೆಲ್ಲಿಗೆ ಹೋಗುತ್ತದೆ, ಎಂಟು ಜನ ಸೇರಿ ಒಂದೇ ದಿನ ಕಳಿಸಿದರೆ ಅದೇ ಬಾಡಿಗೆ ಎಂಟು ಪಾಲಾಗುತ್ತದೆ.

ದೂರದ ಗಿರಾಕಿಗೆ ಏನು ಬೇಕು ಅನ್ನುವುದನ್ನು ಅಲ್ಲಿಗೇ ಹೋಗಿ ನೋಡಬೇಕು, ಕೂತಲ್ಲೇ ಊಹಿಸಲು ಆಗುವುದಿಲ್ಲ. ಜಪಾನಿನ ಕಾಮಿಕಾತ್ಸು ಅನ್ನುವ ಬೆಟ್ಟದ ಊರಿನ ಕಥೆ ನನಗೆ ತುಂಬಾ ಇಷ್ಟ. 1981ರಲ್ಲಿ ವಿಪರೀತ ಚಳಿ ಬಿದ್ದು ಅಲ್ಲಿನ ಕಿತ್ತಳೆ ಜಾತಿಯ ಗಿಡಗಳು ಹೆಚ್ಚುಕಮ್ಮಿ ಎಲ್ಲಾ ಸತ್ತವು. ಊರಲ್ಲಿ ಉಳಿದವರು ಹೆಚ್ಚಾಗಿ ವಯಸ್ಸಾದವರು. ಅಲ್ಲಿ ಕೃಷಿ ಸಹಕಾರ ಸಂಘದ ಕೆಲಸದಲ್ಲಿದ್ದ ತೊಮೊಜಿ ಯೊಕೊಇಷಿ ಒಸಾಕಾದ ಹೋಟೆಲೊಂದರಲ್ಲಿ ತಟ್ಟೆಯ ಮೇಲಿನ ಅಲಂಕಾರದ ಎಲೆಯನ್ನು ಯುವತಿಯೊಬ್ಬಳು ಆಸೆಯಿಂದ ಎತ್ತಿಟ್ಟುಕೊಂಡದ್ದನ್ನು ನೋಡಿದರು. ಇಂಥ ಎಲೆ ನಮ್ಮ ಬೆಟ್ಟದಲ್ಲಿ ಬೇಕಾದಷ್ಟಿದೆಯಲ್ಲ! 1986ರಲ್ಲಿ ನಾಲ್ಕೇ ಜನರೊಂದಿಗೆ ಎಲೆ ಮಾರಾಟ ಶುರುವಾಯಿತು. ಮೊದಲು ಯಾರೂ ಕೊಳ್ಳಲಿಲ್ಲ. ಯಾಕೆ ಅಂತ ತಿಳಿಯಲು ಯೊಕೊಇಷಿ ತನ್ನ ಸ್ವಂತ ದುಡ್ಡಿನಲ್ಲಿ ದುಬಾರಿ ಹೋಟೆಲುಗಳಿಗೆ ಹೋಗಿ ಉಂಡು, ಯಾವ ಅಳತೆಯ ಎಲೆ, ಯಾವ ಬಣ್ಣ, ಯಾವ ಕಾಲಕ್ಕೆ ಬೇಕು ಅಂತ ಕಲಿತು ಬಂದರು. ಆಮೇಲೆ ವ್ಯಾಪಾರ ಹತ್ತಿತು. ಅಜ್ಜಿಯರು ಕಂಪ್ಯೂಟರಿನಲ್ಲಿ, ಮುಂದೆ ಟ್ಯಾಬ್ಲೆಟ್ಟಿನಲ್ಲಿ ಆರ್ಡರ್ ನೋಡಿ ಎಲೆ ಕೊಯ್ದು ಕಳಿಸುತ್ತಾರೆ, ಮಾರಾಟದಲ್ಲಿ ತಾನು ಎಷ್ಟನೆಯವಳು ಅಂತ ಪೈಪೋಟಿ ಬೇರೆ. ಬೆಟ್ಟದಲ್ಲಿ ಎಲೆ ಇದೆ ಅಂತ ಎಲ್ಲರಿಗೂ ಗೊತ್ತಿತ್ತು. ಗಿರಾಕಿಯ ತಟ್ಟೆಯ ಅಳತೆ ಗೊತ್ತಿರಲಿಲ್ಲ. ನೀವು ತಂದುಕೊಡಬೇಕಾದದ್ದು ಆ ಅಳತೆ.

ಅದೇ ಜಪಾನಿನ ಓಯಿತಾ ಪ್ರಾಂತ್ಯದಲ್ಲಿ 1979ರಲ್ಲಿ ಗವರ್ನರ್ ಮೊರಿಹಿಕೊ ಹಿರಾಮತ್ಸು ಒಂದು ಊರು, ಒಂದು ಉತ್ಪನ್ನ ಅನ್ನುವ ಚಳವಳಿ ಶುರು ಮಾಡಿದರು. ಇದನ್ನು ನೋಡಿ ಎಷ್ಟೋ ದೇಶಗಳು ಮಾಡಿದವು, ಥಾಯ್ಲೆಂಡಿನಲ್ಲಿ 2001ರಿಂದ ಇದೆ. ಆದರೆ ನಕಲು ಮಾಡುವಾಗ ಒಂದು ಸಂಗತಿ ಕೈಬಿಟ್ಟು ಹೋಗುತ್ತದೆ. ಯಾವ ಉತ್ಪನ್ನ ಅನ್ನುವುದನ್ನು ಓಯಿತಾದಲ್ಲಿ ಆಯಾ ಊರಿನವರೇ ಆರಿಸಿಕೊಳ್ಳಬೇಕಿತ್ತು. ಆಡಳಿತದ ಪಾಲು ತಾಂತ್ರಿಕ ಸಲಹೆ ಮತ್ತು ಮಾರಾಟಕ್ಕೆ ನೆರವು. ಮೇಲಿನಿಂದ ಪಟ್ಟಿ ಬಂದು, ನಿಮ್ಮ ಊರಿಗೆ ಇದು ಅಂತ ಹಂಚಿದರೆ ಅದು ಬರೀ ಪಟ್ಟಿ.

ಪಕ್ಕದಲ್ಲೇ ಇರುವ ದೊಡ್ಡ ಗಿರಾಕಿ

ದೂರದ ಪೇಟೆ ಹುಡುಕುವ ಮೊದಲು ಊರಿನ ಶಾಲೆ, ಆಸ್ಪತ್ರೆ, ಹಾಸ್ಟೆಲ್, ಆಡಳಿತದ ಕಚೇರಿ ಏನೇನು ಕೊಳ್ಳುತ್ತವೆ ಅಂತ ವಿಚಾರಿಸಿ. ಬೆಂಚು ರಿಪೇರಿ, ಸಮವಸ್ತ್ರ, ಪೇಂಟಿಂಗ್, ಮುದ್ರಣ, ತೋಟದ ಕೆಲಸ. ಸಾಮಾನ್ಯವಾಗಿ ಒಂದೇ ದೊಡ್ಡ ಟೆಂಡರ್ ಮಾಡಿ ಹೊರಗಿನವರಿಗೆ ಕೊಟ್ಟುಬಿಡುತ್ತಾರೆ, ಯಾಕೆಂದರೆ ಅದರಲ್ಲಿ ಕಾಗದದ ಕೆಲಸ ಕಡಿಮೆ. ಅದೇ ಟೆಂಡರನ್ನು ನಾಲ್ಕು ಸಣ್ಣ ತುಂಡು ಮಾಡಲು ನಿಯಮ ಒಪ್ಪುತ್ತದೆಯೇ ಕೇಳಿ. ಒಪ್ಪಿದರೆ ಊರಿನವರೂ ಹಾಕಬಹುದು. ಅರ್ಜಿ ತುಂಬುವುದು, ಬೇಕಾದ ನೋಂದಣಿ ಮಾಡಿಸುವುದು, ಪರವಾನಗಿಗೆ ಯಾವ ಕಿಟಕಿ ಮುಂದೆ ನಿಲ್ಲಬೇಕು ಅಂತ ತೋರಿಸುವುದು, ಇಲ್ಲೆಲ್ಲ ನಿಮ್ಮ ಒಂದು ದಿನ ಅವರ ಹತ್ತು ದಿನ ಉಳಿಸುತ್ತದೆ.

ಮತ್ತೆ ದುಡ್ಡು ಬೇಗ ಕೊಡಿಸಿ. ಸಣ್ಣವರು ಸಾಯುವುದು ನಷ್ಟದಿಂದಲ್ಲ, ಬರಬೇಕಾದ ದುಡ್ಡು ಬಾರದೆ. ಪುಸ್ತಕದಲ್ಲಿ ಲಾಭ ಇರುತ್ತದೆ, ನಾಳೆಯ ಸಾಮಾನಿಗೆ ಕೈಯಲ್ಲಿ ಕಾಸಿರುವುದಿಲ್ಲ. ನೀವೇ ಗಿರಾಕಿಯಾಗಿದ್ದರೆ ಅವತ್ತೇ ಕೊಟ್ಟುಬಿಡಿ. ಪರಿಚಯದವರು ಅಂತ ರಿಯಾಯಿತಿ ಕೇಳಬೇಡಿ. ಊರಿನ ವ್ಯಾಪಾರ ಬೆಳೆಯಲಿ ಅಂತ ವೇದಿಕೆಯಲ್ಲಿ ಮಾತಾಡಿ ಇಳಿದು ಬಂದು ಚೌಕಾಸಿ ಮಾಡುವವರನ್ನು ಎಷ್ಟು ಜನರನ್ನು ನೋಡಿಲ್ಲ!

ಸಾಲ ಕೊನೆಗೆ

ಇಷ್ಟೆಲ್ಲ ಆದಮೇಲೆ ಸಾಲದ ಮಾತು. ಬೇಕೆಂದೇ ಹಿಂದಕ್ಕೆ ತಳ್ಳಿದ್ದೇನೆ. ಬೋಸ್ನಿಯಾ, ಇಥಿಯೋಪಿಯಾ, ಭಾರತ, ಮೆಕ್ಸಿಕೊ, ಮಂಗೋಲಿಯಾ, ಮೊರಾಕ್ಕೊ, ಈ ಆರು ದೇಶಗಳಲ್ಲಿ ಕಿರುಸಾಲದ ಮೇಲೆ ನಡೆದ ಅಧ್ಯಯನಗಳು 2015ರಲ್ಲಿ ಒಟ್ಟಿಗೆ ಪ್ರಕಟವಾದವು. ಸಾರಾಂಶ ಏನೆಂದರೆ, ಕಿರುಸಾಲದಿಂದ ಕೆಲವರಿಗೆ ಅನುಕೂಲ ಆಯಿತು, ಸ್ವಲ್ಪ ವ್ಯಾಪಾರ ಹೆಚ್ಚಿತು, ಆದರೆ ಸರಾಸರಿ ಮನೆಯ ಆದಾಯ ಏರಿ ಬಡತನ ದಾಟಿದ್ದು ಎಲ್ಲೂ ಕಾಣಲಿಲ್ಲ. ಸಾಲ ಕೆಟ್ಟದ್ದು ಅಂತ ಇದರ ಅರ್ಥವಲ್ಲ. ಗಿರಾಕಿ ಇದ್ದು, ಬೆಲೆ ಸರಿ ಇದ್ದು, ಸಾಮಾನು ಸಾಲದೆ ಆರ್ಡರ್ ಬಿಟ್ಟುಹೋಗುತ್ತಿದ್ದರೆ ಸಾಲ ಕೆಲಸ ಮಾಡುತ್ತದೆ. ಗಿರಾಕಿಯೇ ಇಲ್ಲದವರಿಗೆ ಸಾಲ ಕೊಟ್ಟರೆ ಇದ್ದ ತೊಂದರೆಗೆ ಕಂತು ಸೇರಿಕೊಳ್ಳುತ್ತದೆ.

ಮೊದಲ ಹಂತಕ್ಕೆ ಉಳಿತಾಯದ ಗುಂಪೇ ವಾಸಿ. 1991ರಲ್ಲಿ ನೈಜರ್ ದೇಶದ ಮರಾಡಿ ಪ್ರದೇಶದಲ್ಲಿ ಕೇರ್ ಅನ್ನುವ ಅಂತರರಾಷ್ಟ್ರೀಯ ನೆರವು ಸಂಸ್ಥೆ ಹೆಂಗಸರ ಜೊತೆ ಶುರು ಮಾಡಿದ ವಿಧಾನ ಆಮೇಲೆ ಆಫ್ರಿಕಾದ ತುಂಬಾ ಕಡೆ ಹಬ್ಬಿತು. ಹೊರಗಿನಿಂದ ಒಂದು ಕಾಸೂ ಬರುವುದಿಲ್ಲ. ಹದಿನೈದರಿಂದ ಇಪ್ಪತ್ತೈದು ಜನ ಸೇರಿ ಪ್ರತಿ ಸಭೆಯಲ್ಲಿ ಎಲ್ಲರ ಕಣ್ಣೆದುರಿಗೆ ದುಡ್ಡು ಪೆಟ್ಟಿಗೆಗೆ ಹಾಕುತ್ತಾರೆ. ಪೆಟ್ಟಿಗೆಗೆ ಮೂರು ಬೀಗ, ಮೂರು ಕೀಲಿಕೈ ಮೂವರ ಹತ್ತಿರ, ಪೆಟ್ಟಿಗೆ ಇನ್ನೊಬ್ಬರ ಮನೆಯಲ್ಲಿ. ಅದರಿಂದಲೇ ಸದಸ್ಯರಿಗೆ ಸಣ್ಣ ಸಾಲ, ಸಾಲಕ್ಕೆ ಬಡ್ಡಿ, ಒಂಬತ್ತರಿಂದ ಹನ್ನೆರಡು ತಿಂಗಳಿಗೆ ಪೂರ್ತಿ ಲೆಕ್ಕ ಮುಗಿಸಿ ಬಡ್ಡಿ ಸಮೇತ ಎಲ್ಲರಿಗೂ ಹಂಚಿ, ಮತ್ತೆ ಹೊಸದಾಗಿ ಶುರು. ಈ ಹಂಚಿ ಮುಗಿಸುವ ಪದ್ಧತಿ ಇದೆಯಲ್ಲ, ಅದೇ ಇದರ ಜಾಣತನ. ತಪ್ಪು ಲೆಕ್ಕ ಇದ್ದರೆ ವರ್ಷದೊಳಗೆ ಹೊರಗೆ ಬೀಳಲೇಬೇಕು. ಬೇಡದವರು ಜಗಳ ಇಲ್ಲದೆ ಹೊರಗೆ ಹೋಗಬಹುದು.

ಹೆಂಗಸರ ವ್ಯಾಪಾರದ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅವರಿಗೆ ಕಡಿಮೆ ಇರುವುದು ಹೆಚ್ಚಾಗಿ ದುಡ್ಡಿಗಿಂತ ಹೊತ್ತು. ಸಭೆಯನ್ನು ಅಡುಗೆ ಹೊತ್ತಿಗೆ ಇಟ್ಟು ಯಾರೂ ಬರಲಿಲ್ಲ ಅನ್ನಬೇಡಿ. ಮಕ್ಕಳನ್ನು ಒಬ್ಬರು ನೋಡಿಕೊಳ್ಳುವ ಏರ್ಪಾಡು ಮಾಡಿ. ಸಾಲ ಅವರ ಹೆಸರಿನಲ್ಲಿ, ದುಡ್ಡು ಇನ್ನೊಬ್ಬರ ಜೇಬಿನಲ್ಲಿ ಆಗುತ್ತಿದೆಯೇ ಅಂತ ಕಣ್ಣಿಟ್ಟಿರಿ.

ಒಬ್ಬರದ್ದು ಗೆದ್ದರೆ, ಇನ್ನೊಬ್ಬರದ್ದು ಮುಚ್ಚಿದರೆ

ಒಬ್ಬರ ವ್ಯಾಪಾರ ಚೆನ್ನಾಗಿ ನಡೆದರೆ ಆರು ತಿಂಗಳಲ್ಲಿ ಅದೇ ಬೀದಿಯಲ್ಲಿ ಅದೇ ತರಹದ್ದು ಇನ್ನೂ ಮೂರು ಹುಟ್ಟುತ್ತವೆ. ತಡೆಯಲು ಆಗುವುದಿಲ್ಲ, ತಡೆಯುವ ಹಕ್ಕೂ ನಮಗಿಲ್ಲ. ಆದರೆ ಹೊಸಬರು ನಿಮ್ಮ ಹತ್ತಿರ ಸಲಹೆಗೆ ಬಂದರೆ, ಗೆದ್ದವರಿಗೆ ಏನು ಕೊಡಬಹುದು ಅಂತ ಯೋಚಿಸಲು ಹೇಳಿ. ಅವರಿಗೆ ಪ್ಯಾಕಿಂಗ್ ಬೇಕು, ಸಾಗಾಟ ಬೇಕು, ಮಷೀನು ರಿಪೇರಿ ಬೇಕು. ನಾಲ್ಕನೆಯ ಅಂಗಡಿಗಿಂತ ಮೂರು ಅಂಗಡಿಗೂ ಸಾಮಾನು ಕೊಡುವ ಒಂದು ಕೆಲಸ ಜಾಸ್ತಿ ದಿನ ನಿಲ್ಲುತ್ತದೆ.

ಕೆಲವು ಮುಚ್ಚುತ್ತವೆ. ಎಷ್ಟು ಒಳ್ಳೆಯ ಸಹಾಯ ಮಾಡಿದರೂ ಮುಚ್ಚುತ್ತವೆ. ಪಟ್ಟಣದಲ್ಲಿ ಅಂಗಡಿ ಮುಚ್ಚಿದರೆ ಮರುದಿನ ಯಾರಿಗೂ ನೆನಪಿರುವುದಿಲ್ಲ, ಹಳ್ಳಿಯಲ್ಲಿ ಹತ್ತು ವರ್ಷ ಆಡಿಕೊಳ್ಳುತ್ತಾರೆ, ಆ ಹೆದರಿಕೆಗೇ ಎಷ್ಟೋ ಜನ ಶುರುವೇ ಮಾಡುವುದಿಲ್ಲ. ಹಾಗಾಗಿ ಮುಚ್ಚುವಾಗಲೂ ಜೊತೆಗಿರಿ. ಇನ್ನೂ ಸ್ವಲ್ಪ ದಿನ ನೋಡೋಣ ಅಂತ ಹೊಸ ಸಾಲ ಮಾಡಿ ಹಳೆಯದನ್ನು ಎಳೆಯುವುದಕ್ಕಿಂತ ಬೇಗ ಮುಚ್ಚುವುದೇ ಒಳ್ಳೆಯದು ಅಂತ ಹೇಳುವ ಧೈರ್ಯ ನಿಮಗಿರಲಿ. ಕೂತು ಬರಬೇಕಾದದ್ದು, ಕೊಡಬೇಕಾದದ್ದು ಎರಡೂ ಬರೆಯಿರಿ. ಸಾಲ ಕೊಟ್ಟವರ ಹತ್ತಿರ ಅವರ ಜೊತೆ ನೀವೂ ಹೋಗಿ ಕಂತು ಕಡಿಮೆ ಮಾಡಿಸಿ. ಮಷೀನನ್ನು ಗುಜರಿಗೆ ಹಾಕಲು ಬಿಡಬೇಡಿ, ಆ ನೋಟ್ ಬುಕ್ಕಿನ ಪಟ್ಟಿಯಲ್ಲಿ ಅದು ಬೇಕಾದವರು ಯಾರೋ ಇರುತ್ತಾರೆ, ಒಳ್ಳೆಯ ಬೆಲೆಗೆ ಅವರಿಗೇ ಕೊಡಿಸಿ. ಒಂದು ತಿಂಗಳು ಬಿಟ್ಟು ಮತ್ತೆ ಅವರ ಮನೆಗೆ ಹೋಗಿ, ವ್ಯಾಪಾರದ ಮಾತು ಎತ್ತದೆ ಸುಮ್ನೆ ಕೂತು ಬನ್ನಿ. ಮುಂದಿನ ಯೋಚನೆ ಏನಾದರೂ ಇದ್ದರೆ ಅವರೇ ಬಾಗಿಲವರೆಗೆ ಬಂದು ಹೇಳುತ್ತಾರೆ.